ಚಳಿಗಾಳಿಯಲ್ಲಿ ಬೈಕ್ ಸವಾರಿ: ಹೀಟೆಡ್ ಗ್ರಿಪ್, ಹೀಟೆಡ್ ಸೀಟ್ ಬಳಸುವ ಬಗೆ

ಕೊರೆಯುವ ಚಳಿಯಲ್ಲಿ ಅರ್ಧ ಗಂಟೆ ಬೈಕ್ ಓಡಿಸಿದ ಮೇಲೆ ಇಂಡಿಕೇಟರ್ ಆರಿಸಲು ಹೆಬ್ಬೆರಳು ಚಾಚುತ್ತೀರಿ. ಬೆರಳು ಸ್ವಿಚ್ಚನ್ನು ಮುಟ್ಟಿತೋ ಇಲ್ಲವೋ ಗೊತ್ತಾಗದೆ, ರಸ್ತೆಯ ಮೇಲಿನ ಕಣ್ಣನ್ನು ಕಿತ್ತು ಹ್ಯಾಂಡಲ್ ಕಡೆಗೆ ನೋಡಬೇಕಾಗಿ ಬಂದರೆ, ಆ ಸವಾರಿ ಆಗಲೇ ಅಪಾಯಕ್ಕೆ ಕಾಲಿಟ್ಟಿದೆ ಎಂದು ತಿಳಿಯಬೇಕು. ಬೆರಳಿನ ಚರ್ಮದ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಬೆರಳುಗಳ ಚುರುಕು ತಗ್ಗತೊಡಗುತ್ತದೆ. ಸುಮಾರು 8 ಡಿಗ್ರಿಯ ಹೊತ್ತಿಗೆ ಸ್ಪರ್ಶವೇ ಮಂಕಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದ ಬೈಕ್ ಒಂದು ಸೆಕೆಂಡಿನಲ್ಲಿ 22 ಮೀಟರ್ ಮುಂದೆ ಹೋಗಿರುತ್ತದೆ. ಮರಗಟ್ಟಿದ ಬೆರಳು ಬ್ರೇಕ್ ಲಿವರ್ ಹಿಡಿಯಲು ಅರ್ಧ ಸೆಕೆಂಡು ಹೆಚ್ಚು ತೆಗೆದುಕೊಂಡರೂ, ಬ್ರೇಕ್ ಬೀಳುವ ಮೊದಲೇ 11 ಮೀಟರ್ ರಸ್ತೆ ಕೈತಪ್ಪಿ ಹೋಗುತ್ತದೆ. ಹೀಟೆಡ್ ಗ್ರಿಪ್ಪನ್ನು, ಅಂದರೆ ವಿದ್ಯುತ್ತಿನಿಂದ ಬಿಸಿಯಾಗುವ ಹ್ಯಾಂಡಲ್ ಹಿಡಿಯನ್ನು, ಸುಖದ ವಸ್ತು ಎಂದು ಬದಿಗೆ ಸರಿಸದೆ ಸುರಕ್ಷತೆಯ ಸಾಧನವೆಂದೇ ಎಣಿಸಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಆದರೂ ಹೀಟೆಡ್ ಗ್ರಿಪ್, ಸೀಟುಗಳನ್ನು ಹಾಕಿಸಿಕೊಂಡ ಅನೇಕರು ಮೊದಲ ಚಳಿಗಾಲದಲ್ಲೇ ನಿರಾಶರಾಗುತ್ತಾರೆ. ಅಂಗೈ ಸುಡುತ್ತಿರುತ್ತದೆ, ಬೆರಳ ತುದಿ ಮಾತ್ರ ಕಲ್ಲಿನಂತೆ ತಣ್ಣಗಿರುತ್ತದೆ. ಇಲ್ಲವೇ ನಾಲ್ಕನೆಯ ದಿನ ಬ್ಯಾಟರಿ ಡೌನ್ ಆಗಿ ಬೈಕ್ ಸ್ಟಾರ್ಟ್ ಆಗುವುದಿಲ್ಲ. ಇದರಲ್ಲಿ ಸಾಮಾನಿನ ದೋಷ ಕಡಿಮೆ, ಬಳಸುವ ಕ್ರಮದ ದೋಷವೇ ಹೆಚ್ಚು. ಚಳಿಯನ್ನು ಎದುರಿಸುವ ಏರ್ಪಾಡಿನಲ್ಲಿ ಬಿಸಿ ಮಾಡುವ ಸಾಧನ ಬರಬೇಕಾದದ್ದು ಕೊನೆಯಲ್ಲಿ. ಗಾಳಿಯನ್ನು ತಡೆದು, ಮೈಯನ್ನು ಬೆಚ್ಚಗಿಟ್ಟು, ಬೈಕಿನ ವಿದ್ಯುತ್ತಿನ ಲೆಕ್ಕ ಹಾಕಿದ ಮೇಲೆಯೇ ಸ್ವಿಚ್ ಒತ್ತುವ ಮಾತು.

ಮೊದಲ ಹೆಜ್ಜೆ: ಗಾಳಿಯನ್ನು ತಡೆಯಿರಿ

ಹೊರಗಿನ ಉಷ್ಣತೆ 5 ಡಿಗ್ರಿ ಇದ್ದಾಗ ಗಂಟೆಗೆ 80 ಕಿ.ಮೀ. ವೇಗದ ಗಾಳಿಗೆ ಒಡ್ಡಿದ ಬರಿಯ ಚರ್ಮಕ್ಕೆ ಅದು ಸುಮಾರು ಮೈನಸ್ 3 ಡಿಗ್ರಿಯ ಚಳಿಯಂತೆ ತಾಗುತ್ತದೆ. ಉಷ್ಣತೆ 0 ಡಿಗ್ರಿ ಇದ್ದರೆ ಅದೇ ವೇಗದಲ್ಲಿ ಸುಮಾರು ಮೈನಸ್ 10ರಂತೆ ತಾಗುತ್ತದೆ. ಚರ್ಮಕ್ಕೆ ಅಂಟಿದಂತೆ ಸದಾ ಇರುವ ಬೆಚ್ಚನೆಯ ಗಾಳಿಯ ತೆಳು ಪದರವನ್ನು ಬೀಸುವ ಗಾಳಿ ಕ್ಷಣಕ್ಷಣವೂ ಒರೆಸಿಕೊಂಡು ಹೋಗುವುದರಿಂದ ಹೀಗಾಗುತ್ತದೆ. ಗ್ರಿಪ್‌ಗಳು ಎರಡೂ ಸೇರಿ ಸಾಮಾನ್ಯವಾಗಿ 30ರಿಂದ 50 ವ್ಯಾಟ್‌ನಷ್ಟು ಶಾಖ ಕೊಡುತ್ತವೆ, ಅದೂ ಅಂಗೈಯ ಕಡೆಗೆ ಮಾತ್ರ. ಮುಂಗೈಯ ಮೇಲೆ, ಬೆರಳ ಗೆಣ್ಣುಗಳ ಮೇಲೆ ಗಾಳಿ ನೇರವಾಗಿ ಬಡಿಯುತ್ತಿದ್ದರೆ ಈ ಅಲ್ಪ ಶಾಖ ಬಂದ ದಾರಿಯಲ್ಲೇ ಹೋಗಿಬಿಡುತ್ತದೆ.

ಆದ್ದರಿಂದ ಗ್ರಿಪ್‌ಗೆ ಹಣ ಹಾಕುವ ಮೊದಲು ಲಿವರ್‌ಗಳ ಮುಂದೆ ಹ್ಯಾಂಡ್ ಗಾರ್ಡ್ (ಕೈಗೆ ಗಾಳಿ ಬಡಿಯದಂತೆ ತಡೆಯುವ ಮರೆ) ಹಾಕಿಸಿ. ಚಳಿ ತೀವ್ರವಾಗಿರುವ ಕಡೆ ಹ್ಯಾಂಡಲ್ ತುದಿಗಳಿಗೆ ತೊಡಿಸುವ ದಪ್ಪ ಬಟ್ಟೆಯ ಚೀಲದಂಥ ಗವಸು ಇನ್ನೂ ಮೇಲು. ನೋಡಲು ಒಡ್ಡೊಡ್ಡಾಗಿ ಕಾಣುತ್ತದೆಂದು ಇದನ್ನು ಬೇಡವೆನ್ನುವವರಿದ್ದಾರೆ, ಆದರೆ ಇದರಷ್ಟು ಫಲ ಕೊಡುವ ಇನ್ನೊಂದು ವಸ್ತುವನ್ನು ನಾನು ಕಂಡಿಲ್ಲ. ಇದರೊಳಗೆ ಕೈಯಿಟ್ಟರೆ ಗ್ರಿಪ್‌ನ ಅತಿ ಕಡಿಮೆ ಬಿಸಿಯೇ ಸಾಕಾಗುತ್ತದೆ. ಆದರೆ ಎರಡು ಪರೀಕ್ಷೆ ಮಾಡದೆ ರಸ್ತೆಗಿಳಿಯಬೇಡಿ. ಒಂದು, ಕಣ್ಣು ಹಾಯಿಸದೆಯೇ ಕೈ ಒಳಗೆ ಹೋಗಿ ಹೊರಗೆ ಬರಬೇಕು. ಇನ್ನೊಂದು, ವೇಗ ಹೆಚ್ಚಿದಾಗ ಗಾಳಿಯ ಒತ್ತಡಕ್ಕೆ ಆ ಬಟ್ಟೆ ಹಿಂದಕ್ಕೆ ಬಾಗಿ ಬ್ರೇಕ್ ಅಥವಾ ಕ್ಲಚ್ ಲಿವರನ್ನು ಒತ್ತಬಾರದು.

ಇದರ ಜೊತೆಗೆ ಎದೆ, ಹೊಟ್ಟೆ, ಕುತ್ತಿಗೆಗಳನ್ನು ಬೆಚ್ಚಗಿಡಬೇಕು. ಹೃದಯ, ಶ್ವಾಸಕೋಶಗಳಿರುವ ಮೈಯ ನಡುಭಾಗ ತಣ್ಣಗಾಗತೊಡಗಿದೊಡನೆ ದೇಹವು ಕೈಕಾಲುಗಳ ರಕ್ತನಾಳಗಳನ್ನು ಕುಗ್ಗಿಸಿ, ಬಿಸಿ ರಕ್ತವನ್ನು ಒಳಗೇ ಉಳಿಸಿಕೊಳ್ಳುತ್ತದೆ. ಬೆರಳಿಗೆ ರಕ್ತವೇ ಬರದಿದ್ದರೆ ಹೊರಗಿನಿಂದ ಎಷ್ಟು ಬಿಸಿ ಕೊಟ್ಟರೂ ಅಂಗೈಯ ಚರ್ಮ ಕೆಂಪಾದೀತೇ ಹೊರತು ಬೆರಳ ತುದಿ ಬೆಚ್ಚಗಾಗದು. ಹೀಟೆಡ್ ಸೀಟಿನ ನಿಜವಾದ ಉಪಯೋಗವೂ ಇಲ್ಲೇ ಇದೆ. ತೊಡೆ ಮತ್ತು ಪೃಷ್ಠದ ವಿಶಾಲ ಭಾಗಕ್ಕೆ ಅದು ಶಾಖ ಕೊಡುವುದರಿಂದ, ಮೈ ತನ್ನ ಬಿಸಿಯನ್ನು ಕಾಯ್ದುಕೊಳ್ಳಲು ಕೈಕಾಲುಗಳನ್ನು ಬಲಿ ಕೊಡಬೇಕಾದ ಸ್ಥಿತಿ ತಡವಾಗಿ ಬರುತ್ತದೆ.

ಎರಡನೆಯ ಹೆಜ್ಜೆ: ವಿದ್ಯುತ್ತಿನ ಲೆಕ್ಕ

ಬೈಕಿನ ಎಂಜಿನ್ ತಿರುಗುವಾಗ ಆಲ್ಟರ್ನೇಟರ್ ಹುಟ್ಟಿಸುವ ವಿದ್ಯುತ್ತು ನಿಮ್ಮ ಆದಾಯ. ಇಗ್ನಿಷನ್, ಫ್ಯುಯೆಲ್ ಪಂಪ್, ಹೆಡ್‌ಲೈಟ್‌ಗಳು ತಪ್ಪಿಸಲಾಗದ ಖರ್ಚು. ಉಳಿದದ್ದರಲ್ಲಿ ಮಾತ್ರ ಬಿಸಿಯ ಸಾಧನಗಳು ನಡೆಯಬೇಕು. ಆಲ್ಟರ್ನೇಟರ್ ಎಷ್ಟು ವ್ಯಾಟ್‌ನದು ಎಂಬುದು ಬೈಕಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಒಂದು ಬೈಕಿನದು 300 ವ್ಯಾಟ್ ಎಂದೂ, ಬೈಕಿನ ಸ್ವಂತ ಖರ್ಚು 200 ವ್ಯಾಟ್ ಎಂದೂ ಇಟ್ಟುಕೊಳ್ಳೋಣ. ಉಳಿಯುವುದು 100 ವ್ಯಾಟ್. ಅದರಲ್ಲಿ 40 ವ್ಯಾಟ್‌ನ ಗ್ರಿಪ್, 40 ವ್ಯಾಟ್‌ನ ಸೀಟು ನಡೆಯುತ್ತವೆ. ಅದರ ಮೇಲೆ 80 ವ್ಯಾಟ್‌ನ ಹೀಟೆಡ್ ಜಾಕೆಟ್ ಕೂಡ ಹಾಕಿಕೊಂಡರೆ ಕೊರತೆಯನ್ನು ಬ್ಯಾಟರಿಯೇ ತುಂಬಬೇಕಾಗುತ್ತದೆ, ಮತ್ತು ಚಳಿಯಲ್ಲಿ ಬ್ಯಾಟರಿಯ ಶಕ್ತಿಯೇ ಕುಂದಿರುತ್ತದೆ. ಹ್ಯಾಲೊಜೆನ್ ಹೆಡ್‌ಲೈಟ್‌ನ ಬದಲು, ನಿಮ್ಮಲ್ಲಿನ ನಿಯಮ ಒಪ್ಪುವಂತಿದ್ದರೆ, ಎಲ್‌ಇಡಿ ಹಾಕಿಸಿದರೆ ಸುಮಾರು 20–30 ವ್ಯಾಟ್ ಮಿಗುತ್ತದೆ. ಚಿಕ್ಕ ಬೈಕಿಗೆ ಇದು ಸಣ್ಣ ಮೊತ್ತವಲ್ಲ.

ಮ್ಯಾನ್ಯುಯಲ್‌ನ ಅಂಕಿ ಎಂಜಿನ್ ಸಾಕಷ್ಟು ವೇಗವಾಗಿ ತಿರುಗುವಾಗಿನದು ಎಂಬುದನ್ನು ಮರೆಯಬಾರದು. ಸಿಗ್ನಲ್‌ನಲ್ಲಿ ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಆಲ್ಟರ್ನೇಟರ್ ಕೊಡುವುದು ಅದರಲ್ಲಿ ಒಂದು ಪಾಲು ಮಾತ್ರ. ಹೀಗಾಗಿ ಕಾಗದದ ಮೇಲಿನ ಲೆಕ್ಕಕ್ಕಿಂತ ವೋಲ್ಟ್ ಮೀಟರಿನ ಮಾತನ್ನು ನಂಬುವುದು ಲೇಸು. ಹ್ಯಾಂಡಲ್ ಮೇಲೆ ಒಂದು ಪುಟ್ಟ ವೋಲ್ಟ್ ಮೀಟರ್ ಹಾಕಿಸಿಕೊಳ್ಳಿ. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟ, ಪೂರ್ತಿ ಚಾರ್ಜ್ ಆದ ಸೀಸ–ಆಮ್ಲದ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸುತ್ತದೆ. ಬೈಕ್ ಒಂದೇ ಹದದಲ್ಲಿ ಓಡುತ್ತಿರುವಾಗ 13.5ರಿಂದ 14.5ರೊಳಗೆ ಇರಬೇಕು. ಎಲ್ಲ ಬಿಸಿಯನ್ನೂ ಹಾಕಿಕೊಂಡು ಓಡಿಸುತ್ತಿರುವಾಗ ಅದು 13ಕ್ಕಿಂತ ಕೆಳಗೆ ನಿಂತುಬಿಟ್ಟರೆ, ಬ್ಯಾಟರಿ ಚಾರ್ಜ್ ಆಗುವ ಬದಲು ಖಾಲಿಯಾಗುತ್ತಿದೆ ಎಂದರ್ಥ. ಒಂದು ಸಾಧನವನ್ನು ಆಗಲೇ ಆರಿಸಿ. ಮೊದಲು ಸೀಟನ್ನು ಆರಿಸಿ, ಗ್ರಿಪ್ಪನ್ನು ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ, ಏಕೆಂದರೆ ಬೈಕನ್ನು ನಿಭಾಯಿಸುವುದು ಬೆರಳುಗಳು.

ಮೂರನೆಯ ಹೆಜ್ಜೆ: ಯಾವುದನ್ನು ಕೊಳ್ಳಬೇಕು

ಹೋಂಡಾ ಗೋಲ್ಡ್‌ವಿಂಗ್‌ನಂಥ ದೂರಪ್ರಯಾಣದ ಬೈಕ್‌ಗಳಿಗೆ ಗ್ರಿಪ್, ಸೀಟು ಎರಡರ ಬಿಸಿಯೂ ಕಾರ್ಖಾನೆಯಿಂದಲೇ ಬರುತ್ತದೆ. ನಿಮ್ಮ ಬೈಕಿನ ಕಂಪನಿಯೇ ಅದಕ್ಕೆಂದು ಕಿಟ್ ಕೊಡುವುದಾದರೆ ಬೆಲೆ ಹೆಚ್ಚಾದರೂ ಅದೇ ಲೇಸು, ವಿಶೇಷವಾಗಿ ವೈರಿಂಗ್ ಎಲ್ಲವೂ ಕಂಪ್ಯೂಟರಿನ ನಿಗಾದಲ್ಲಿರುವ ಹೊಸ ಬೈಕ್‌ಗಳಲ್ಲಿ. ಅಂಥ ಬೈಕಿನಲ್ಲಿ ಸಿಕ್ಕ ವೈರಿಗೆ ಹೊರಗಿನ ಸಾಧನವನ್ನು ಜೋಡಿಸಿದರೆ ಕಂಪ್ಯೂಟರು ಅದನ್ನು ದೋಷವೆಂದು ತಿಳಿದು ಆ ಸರ್ಕ್ಯೂಟನ್ನೇ ಕಡಿದುಹಾಕಬಹುದು.

ಹೊರಗೆ ಕೊಳ್ಳುವುದಾದರೆ ಹಳೆಯ ಗ್ರಿಪ್ ತೆಗೆದು ಹಾಕುವ ಪೂರ್ತಿ ಹೀಟೆಡ್ ಗ್ರಿಪ್ ಎಲ್ಲಕ್ಕಿಂತ ಒಳ್ಳೆಯದು. ಗ್ರಿಪ್‌ನ ಮೇಲೆ ಸುತ್ತಿ ಕಟ್ಟುವ ಬಿಸಿಪಟ್ಟಿ ಅಗ್ಗ, ಬೇಕಾದಾಗ ಬಿಚ್ಚಬಹುದು, ಆದರೆ ಹಿಡಿಯನ್ನು ಅದು ದಪ್ಪ ಮಾಡುತ್ತದೆ. ಸಣ್ಣ ಕೈಯವರಿಗೆ ಲಿವರ್ ಎಟುಕುವುದೇ ಕಷ್ಟವಾಗುತ್ತದೆ. ಹ್ಯಾಂಡಲ್ ಕೊಳವೆಯ ಅಡ್ಡಳತೆಯನ್ನು ನೋಡಿಯೇ ಕೊಳ್ಳಿ: ಬಹುಪಾಲು ಬೈಕ್‌ಗಳಲ್ಲಿ 22 ಮಿ.ಮೀ., ಕೆಲವು ಕ್ರೂಸರ್‌ಗಳಲ್ಲಿ 25.4 ಮಿ.ಮೀ. ಇರುತ್ತದೆ. ಬಿಸಿಯನ್ನು ಹಂತಹಂತವಾಗಿ ಏರಿಸಿ ಇಳಿಸುವ ಕಂಟ್ರೋಲರ್ ಬೇಕೇ ಬೇಕು. ಬ್ಯಾಟರಿಯ ವೋಲ್ಟೇಜ್ ಇಳಿದಾಗ ತಾನಾಗಿ ಆರುವ ಗುಣವೂ ಅದಕ್ಕಿದ್ದರೆ, ಮರೆತು ಹೋದ ದಿನವೂ ಬೈಕ್ ಸ್ಟಾರ್ಟ್ ಆಗುತ್ತದೆ.

ನಾಲ್ಕನೆಯ ಹೆಜ್ಜೆ: ಗ್ರಿಪ್ ಜೋಡಣೆ

ಈ ಕೆಲಸವನ್ನು ನೀವೇ ಮಾಡಿ ಅಥವಾ ಮೆಕ್ಯಾನಿಕ್‌ನಿಂದ ಮಾಡಿಸಿ, ಆದರೆ ಆಕ್ಸಿಲರೇಟರ್ ಕಡೆಯ ಪರೀಕ್ಷೆಯನ್ನು ಮಾತ್ರ ನಿಮ್ಮ ಕೈಯಿಂದಲೇ ಮಾಡಿ. ಒಮ್ಮೆ ನಾನು, ಗ್ರಿಪ್ ಜೋಡಿಸಿಕೊಟ್ಟ ವರ್ಕ್‌ಶಾಪಿನಿಂದ ಬೈಕನ್ನು ತಂದು ನಿಲ್ಲಿಸಿ, ಎಂಜಿನ್ ಆರಿಸಿಕೊಂಡೇ ಹ್ಯಾಂಡಲನ್ನು ಬಲಕ್ಕೆ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ತಿರುವಿ ಬಿಟ್ಟೆ. ಹಿಡಿ ಹಿಂದಕ್ಕೆ ಬಂತು, ಆದರೆ ಪೂರ್ತಿ ಬರಲಿಲ್ಲ; ಬೆರಳಗಲದಷ್ಟು ತೆರೆದೇ ನಿಂತಿತು. ಟಾರ್ಚ್ ಹಿಡಿದು ನೋಡಿದರೆ ಗ್ರಿಪ್‌ನ ಬುಡದಿಂದ ಹೊರಟ ವೈರನ್ನು ಬ್ರೇಕ್ ಹೋಸಿಗೆ ಬಿಗಿಯಾಗಿ ಪ್ಲಾಸ್ಟಿಕ್ ಟ್ಯಾಗ್ ಹಾಕಿ ಕಟ್ಟಿದ್ದರು, ಹ್ಯಾಂಡಲ್ ತಿರುಗಿದಾಗ ಅದೇ ವೈರು ಹಿಡಿಯನ್ನು ಎಳೆದು ಹಿಡಿಯುತ್ತಿತ್ತು. ನೇರ ರಸ್ತೆಯಲ್ಲಿ ಇದು ಗೊತ್ತೇ ಆಗುತ್ತಿರಲಿಲ್ಲ. ಕಿರಿದಾದ ತಿರುವಿನಲ್ಲಿ ಗೊತ್ತಾಗುತ್ತಿತ್ತು. ಟ್ಯಾಗ್ ಕತ್ತರಿಸಿ ವೈರಿಗೆ ಒಂದು ಸಡಿಲ ಬಳುಕು ಕೊಟ್ಟು ಮತ್ತೆ ಕಟ್ಟಲು ಐದು ನಿಮಿಷ ಸಾಕಾಯಿತು.

ಜೋಡಣೆಯ ಕ್ರಮ ಹೀಗಿದೆ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ. ಹಳೆಯ ಗ್ರಿಪ್‌ಗಳನ್ನು ಕತ್ತರಿಸಿ ತೆಗೆಯಿರಿ. ಹೊಸ ಗ್ರಿಪ್‌ಗೆ ಎಂದೂ ಬ್ಲೇಡ್ ತಾಗಿಸಬೇಡಿ. ಬಲಗಡೆಯ ಆಕ್ಸಿಲರೇಟರಿನ ಪ್ಲಾಸ್ಟಿಕ್ ಕೊಳವೆಯ ಮೇಲೆ ಉಬ್ಬು ಗೆರೆಗಳಿದ್ದರೆ ಅವನ್ನು ಅರದಿಂದ ಉಜ್ಜಿ ಸಮಮಾಡಬೇಕಾಗುತ್ತದೆ, ಇಲ್ಲದಿದ್ದರೆ ಗ್ರಿಪ್ ಅರ್ಧಕ್ಕೇ ನಿಲ್ಲುತ್ತದೆ. ಅಂಟು ಹಚ್ಚುವ ಮೊದಲು ಒಣದಾಗಿಯೇ ಒಮ್ಮೆ ಏರಿಸಿ ನೋಡಿ, ವೈರು ಯಾವ ಕೋನದಲ್ಲಿ ಹೊರಬಂದರೆ ಆಕ್ಸಿಲರೇಟರ್ ಪೂರ್ತಿ ತಿರುಗಿದರೂ ಎಲ್ಲಿಗೂ ಸಿಕ್ಕಿಕೊಳ್ಳುವುದಿಲ್ಲವೋ ಆ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿಕೊಳ್ಳಿ. ಕಿಟ್ ಜೊತೆಗಿನ ಅಂಟು ಕೆಲವೇ ಕ್ಷಣಗಳಲ್ಲಿ ಹಿಡಿದುಬಿಡುವುದರಿಂದ ಆಮೇಲೆ ತಿದ್ದಲು ಸಮಯ ಸಿಗದು.

ಎಡಗಡೆಯ ಗ್ರಿಪ್ ಬಲಗಡೆಯದಕ್ಕಿಂತ ತಣ್ಣಗಿದೆ ಎಂಬ ದೂರು ಸಾಮಾನ್ಯ. ಬಲಗಡೆಯದು ಪ್ಲಾಸ್ಟಿಕ್ ಕೊಳವೆಯ ಮೇಲೆ ಕೂತಿರುತ್ತದೆ. ಎಡಗಡೆಯದು ನೇರವಾಗಿ ಲೋಹದ ಹ್ಯಾಂಡಲ್ ಮೇಲೆ ಕೂತು ತನ್ನ ಶಾಖವನ್ನು ಅದಕ್ಕೆ ಬಿಟ್ಟುಕೊಡುತ್ತದೆ. ಗ್ರಿಪ್‌ನ ಒಳಅಳತೆಯಲ್ಲಿ ಸ್ವಲ್ಪ ಜಾಗವಿದ್ದರೆ ಹ್ಯಾಂಡಲ್ ಮೇಲೆ ತೆಳುವಾದ ಹೀಟ್‌ಶ್ರಿಂಕ್ ಕೊಳವೆ (ಬಿಸಿ ತಾಗಿಸಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಏರಿಸಿ ಅದರ ಮೇಲೆ ಗ್ರಿಪ್ ಹಾಕಿದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ವಿದ್ಯುತ್ತನ್ನು ಬ್ಯಾಟರಿಯಿಂದ ಫ್ಯೂಸ್ ಮತ್ತು ರಿಲೇ (ಸಣ್ಣ ಸೂಚನೆಯಿಂದ ದೊಡ್ಡ ವಿದ್ಯುತ್ತನ್ನು ಹಾಕಿ ಆರಿಸುವ ಸ್ವಿಚ್) ಮೂಲಕ ತನ್ನಿ. ಫ್ಯೂಸ್ ಬ್ಯಾಟರಿಯ ಪಾಸಿಟಿವ್ ತುದಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು, ಏಕೆಂದರೆ ಫ್ಯೂಸ್‌ಗಿಂತ ಮುಂಚಿನ ವೈರು ಎಲ್ಲಿಯಾದರೂ ತರಚಿ ಬೈಕಿನ ಲೋಹದ ಭಾಗಕ್ಕೆ ತಾಗಿದರೆ ಅದನ್ನು ಕಾಯುವವರಿಲ್ಲ. 40 ವ್ಯಾಟ್‌ನ ಗ್ರಿಪ್ 12 ವೋಲ್ಟ್‌ನಲ್ಲಿ ಸುಮಾರು 3.3 ಆಂಪಿಯರ್ ಎಳೆಯುತ್ತದೆ, ಅದಕ್ಕೆ 5 ಆಂಪಿಯರ್ ಫ್ಯೂಸ್ ಸಾಕು. ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ವೈರಿನಿಂದ ರಿಲೇಗೆ ಸೂಚನೆ ಕೊಟ್ಟರೆ, ಬೈಕ್ ನಿಲ್ಲಿಸಿ ಕೀ ತೆಗೆದೊಡನೆ ಬಿಸಿಯೂ ಆರುತ್ತದೆ. ಎಲ್ಲ ಮುಗಿದ ಮೇಲೆ ಹ್ಯಾಂಡಲನ್ನು ಎಡದ ತುದಿಯಲ್ಲಿ, ಬಲದ ತುದಿಯಲ್ಲಿ, ನಡುವೆ, ಹೀಗೆ ಮೂರು ಕಡೆ ನಿಲ್ಲಿಸಿ ಆಕ್ಸಿಲರೇಟರ್ ಪೂರ್ತಿ ತಿರುವಿ ಬಿಡಿ. ಮೂರು ಕಡೆಯೂ ಅದು ಟಪ್ ಎಂದು ತಾನಾಗಿ ಮುಚ್ಚಿಕೊಳ್ಳಬೇಕು. ಅಂಟು ಪೂರ್ತಿ ಗಟ್ಟಿಯಾಗುವವರೆಗೆ ಬೈಕ್ ಓಡಿಸಬೇಡಿ.

ಐದನೆಯ ಹೆಜ್ಜೆ: ಸೀಟು

ಸೀಟಿನ ಹೀಟರ್ ಎಂದರೆ ಮೇಲುಹೊದಿಕೆಗೂ ಒಳಗಿನ ಫೋಮ್‌ಗೂ ನಡುವೆ ಹರಡುವ ತೆಳುವಾದ ಬಿಸಿಹಾಸು. ಸೀಟಿನ ಅಡಿಯ ಸ್ಟೇಪಲ್ ಪಿನ್ನುಗಳನ್ನು ಕಿತ್ತು, ಹೊದಿಕೆ ಬಿಚ್ಚಿ, ಹಾಸನ್ನು ಅಂಟಿಸಿ, ಹೊದಿಕೆಯನ್ನು ಮೊದಲಿನ ಬಿಗುವಿಗೇ ಎಳೆದು ಮತ್ತೆ ಪಿನ್ ಹೊಡೆಯಬೇಕು. ಸೀಟು ಹೊಲಿಯುವ ಕೆಲಸ ಬಲ್ಲವರ ಕೈಯಲ್ಲಿ ಇದು ಅಚ್ಚುಕಟ್ಟಾಗಿ ಆಗುತ್ತದೆ. ಹಾಸಿನಲ್ಲಿ ಮಡಿಕೆ ಬೀಳಬಾರದು. ಮಡಿಕೆ ಬಿದ್ದಲ್ಲಿ ಶಾಖ ಒಟ್ಟುಗೂಡಿ ಆ ಜಾಗ ಮಾತ್ರ ಸುಡುತ್ತದೆ. ಹೊಲಿಗೆಯ ಸೂಜಿಯಾಗಲಿ ಪಿನ್ನಾಗಲಿ ಅದನ್ನು ಚುಚ್ಚಬಾರದು. ಬಿಸಿ ಮಿತಿ ಮೀರದಂತೆ ತಾನಾಗಿ ತಡೆಯುವ ಥರ್ಮೋಸ್ಟಾಟ್ ಇಲ್ಲದ ಹಾಸನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಹಿಂಬದಿ ಸವಾರರಿಗೆ ಬೇರೆ ಸ್ವಿಚ್ ಇರಲಿ, ಏಕೆಂದರೆ ಮುಂದೆ ಕೂತವರ ಮರೆಯಲ್ಲಿರುವ ಅವರಿಗೆ ಬೇಕಾಗುವ ಬಿಸಿ ಬೇರೆ, ಮತ್ತು ಖಾಲಿ ಸೀಟನ್ನು ಬಿಸಿ ಮಾಡುವುದು ವಿದ್ಯುತ್ತಿನ ದಂಡ.

ಆರನೆಯ ಹೆಜ್ಜೆ: ಕೈಗವಸು, ಪ್ಯಾಂಟು

ಎಲ್ಲ ಕಡೆಯೂ ಸಮನಾಗಿ ದಪ್ಪವಿರುವ ಚಳಿಗಾಲದ ಕೈಗವಸು ಹೀಟೆಡ್ ಗ್ರಿಪ್‌ಗೆ ಹೊಂದುವುದಿಲ್ಲ. ಚಳಿಯನ್ನು ತಡೆಯುವ ಅದೇ ಪದರ ಗ್ರಿಪ್‌ನ ಬಿಸಿಯನ್ನೂ ಅಂಗೈಗೆ ಬಿಡದೆ ತಡೆಯುತ್ತದೆ. ಮೇಲ್ಭಾಗ ದಪ್ಪ, ಗಾಳಿ ಹೊಗದಂಥದ್ದು, ಅಂಗೈ ಭಾಗ ತೆಳು ಚರ್ಮದ್ದು, ಹೀಗಿರುವ ಕೈಗವಸನ್ನು ಹುಡುಕಿ. ಬಿಗಿಯಾದ ಕೈಗವಸು ಬೆರಳಿನ ರಕ್ತಸಂಚಾರಕ್ಕೇ ಅಡ್ಡಿ, ಆದ್ದರಿಂದ ಬೆರಳಾಡಿಸುವಷ್ಟು ಸಡಿಲ ಇರಬೇಕು. ಸೀಟಿಗೂ ಇದೇ ನ್ಯಾಯ: ಹತ್ತಿ ತುಂಬಿದ ದಪ್ಪ ಪ್ಯಾಂಟು ಹಾಕಿಕೊಂಡು ಕೂತರೆ ಸೀಟಿನ ಬಿಸಿ ನಿಧಾನವಾಗಿ, ಕಡಿಮೆ ಬರುತ್ತದೆ.

ಏಳನೆಯ ಹೆಜ್ಜೆ: ರಸ್ತೆಯಲ್ಲಿ ಬಳಸುವ ರೀತಿ

ಎಂಜಿನ್ ಸ್ಟಾರ್ಟ್ ಆಗುವವರೆಗೆ ಬಿಸಿಯ ಸ್ವಿಚ್ ಮುಟ್ಟಬೇಡಿ, ತಣ್ಣನೆಯ ಬ್ಯಾಟರಿಗೆ ಸ್ಟಾರ್ಟರ್ ಮೋಟಾರಿನ ಭಾರವೇ ಸಾಕಷ್ಟಿರುತ್ತದೆ. ಎಂಜಿನ್ ತಿರುಗಿದ ಮೇಲೆ ಹೆಲ್ಮೆಟ್ ಕಟ್ಟಿಕೊಳ್ಳುವಷ್ಟು ಹೊತ್ತು ಕಳೆದು ಗ್ರಿಪ್ ಮತ್ತು ಸೀಟನ್ನು ಮೇಲಿನ ಹಂತಕ್ಕೆ ಇಡಿ. ಕೈ ಬೆಚ್ಚಗಿರುವಾಗಲೇ ಬಿಸಿ ಆರಂಭವಾಗಬೇಕು ಎಂಬುದು ಇಲ್ಲಿನ ಮುಖ್ಯ ಮಾತು. ರಕ್ತನಾಳಗಳು ಒಮ್ಮೆ ಕುಗ್ಗಿದ ಮೇಲೆ ಮರಗಟ್ಟಿದ ಬೆರಳನ್ನು ಓಡುವ ಬೈಕಿನ ಮೇಲೆ ಮತ್ತೆ ಸರಿಪಡಿಸುವುದು ಬಹಳ ಕಷ್ಟ.

ಐದು ಹತ್ತು ನಿಮಿಷದಲ್ಲಿ ಬಿಸಿ ಚೆನ್ನಾಗಿ ತಾಗತೊಡಗಿದಾಗ ನಡುವಿನ ಅಥವಾ ಕೆಳಗಿನ ಹಂತಕ್ಕೆ ಇಳಿಸಿ. ಸರಿಯಾದ ಹದ ಯಾವುದೆಂದರೆ, ಬಿಸಿ ಇದೆ ಎಂಬುದೇ ಗಮನಕ್ಕೆ ಬಾರದಿರುವುದು. ಬೆವರುವಷ್ಟು ಬಿಸಿ ಇಟ್ಟುಕೊಂಡವರ ಕೈಗವಸು ಒಳಗಿನಿಂದಲೇ ಒದ್ದೆಯಾಗುತ್ತದೆ, ಚಹಾಕ್ಕೆಂದು ನಿಲ್ಲಿಸಿ ಮತ್ತೆ ಹೊರಟಾಗ ಆ ಒದ್ದೆ ಮೊದಲಿಗಿಂತ ಹೆಚ್ಚು ಕೊರೆಯುತ್ತದೆ. ಟ್ರಾಫಿಕ್‌ನಲ್ಲಿ ಬಹಳ ಹೊತ್ತು ನಿಲ್ಲಬೇಕಾದರೆ ಸೀಟನ್ನು ಆರಿಸಿ, ಗ್ರಿಪ್ಪನ್ನು ಕೆಳಗಿನ ಹಂತಕ್ಕೆ ತನ್ನಿ. ಅಲ್ಲಿ ಗಾಳಿಯೂ ಇಲ್ಲ, ಆಲ್ಟರ್ನೇಟರಿನ ಗಳಿಕೆಯೂ ಕಡಿಮೆ. ಊರು ಸೇರಲು ಕೆಲವು ನಿಮಿಷ ಇರುವಾಗ ಎಲ್ಲವನ್ನೂ ಆರಿಸಿದರೆ ಬ್ಯಾಟರಿಗೆ ಸ್ವಲ್ಪ ತುಂಬಿಕೊಳ್ಳಲು ಅವಕಾಶ ಸಿಗುತ್ತದೆ.

ಸೀಟಿನ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಲಘುವಾಗಿ ತೆಗೆದುಕೊಳ್ಳಬಾರದು. ಚರ್ಮ ಸುಡಲು ಕುದಿಯುವಷ್ಟು ಬಿಸಿ ಬೇಕಿಲ್ಲ. ಸುಮಾರು 44 ಡಿಗ್ರಿಯ ಶಾಖವೂ ಒಂದೇ ಜಾಗಕ್ಕೆ ಗಂಟೆಗಟ್ಟಲೆ ತಾಗುತ್ತಿದ್ದರೆ ಸುಟ್ಟ ಗಾಯವಾಗಬಲ್ಲದು. ಕಡಿಮೆ ಬಿಸಿಯೇ ದಿನವೂ ತಾಗುತ್ತಿದ್ದರೆ ಚರ್ಮದ ಮೇಲೆ ಬಲೆಯಂಥ ಕೆಂಪು ಕಂದು ಗೆರೆಗಳು ಮೂಡಬಹುದು. ಸಕ್ಕರೆ ಕಾಯಿಲೆಯಿಂದ ನರಗಳು ದುರ್ಬಲವಾದವರು, ಬೆನ್ನುಹುರಿಗೆ ಪೆಟ್ಟಾಗಿ ಕೆಳಮೈಯ ಸ್ಪರ್ಶ ಕುಂದಿದವರು ಬಿಸಿ ಹೆಚ್ಚಾದದ್ದನ್ನು ತಿಳಿಯಲಾರರು. ಅವರು ವೈದ್ಯರನ್ನು ಕೇಳದೆ ಹೀಟೆಡ್ ಸೀಟ್ ಬಳಸಬಾರದು. ಉಳಿದವರೂ ದೂರದ ಪ್ರಯಾಣದಲ್ಲಿ ಅದನ್ನು ಆಗಾಗ ಆರಿಸಿ ಹಾಕುತ್ತಿರಬೇಕು.

ಗ್ರಿಪ್ ಬಿಸಿಯಾಗಿದೆ ಎಂದ ಮಾತ್ರಕ್ಕೆ ಮೈ ಬೆಚ್ಚಗಿದೆ ಎಂದುಕೊಳ್ಳುವುದೂ ಅಪಾಯಕರ. ತಡೆಯಲಾಗದ ನಡುಕ, ಮಾತು ತೊದಲುವುದು, ಗೇರ್ ಹಾಕುವಂಥ ಸಲೀಸಾದ ಕೆಲಸದಲ್ಲೂ ತಡವರಿಸುವುದು, ತಿರುವು ತಪ್ಪಿಸಿಕೊಳ್ಳುವುದು, ಇವು ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿಯುತ್ತಿರುವ ಗುರುತುಗಳು. ಕೈ ಎಷ್ಟೇ ಬೆಚ್ಚಗಿರಲಿ, ಆಗ ಬೈಕ್ ನಿಲ್ಲಿಸಿ ಗಾಳಿಯಿಲ್ಲದ ಜಾಗ ಸೇರಿ, ಒದ್ದೆ ಬಟ್ಟೆ ಬದಲಿಸಿ, ಬಿಸಿಯಾದದ್ದನ್ನು ಕುಡಿಯಬೇಕು. ಮೈ ಬೆಚ್ಚಗಾಗದೆಯೇ ನಡುಕ ನಿಂತರೆ ಅದು ಸುಧಾರಿಸಿದ ಲಕ್ಷಣವಲ್ಲ, ಸ್ಥಿತಿ ಬಿಗಡಾಯಿಸಿದ ಲಕ್ಷಣ. ತಕ್ಷಣ ವೈದ್ಯಕೀಯ ನೆರವು ಬೇಕು.

ಬಿಸಿ ನಿಂತುಹೋದರೆ

ಎರಡೂ ಗ್ರಿಪ್ ಒಟ್ಟಿಗೆ ತಣ್ಣಗಾದರೆ ಮೊದಲು ಫ್ಯೂಸ್ ನೋಡಿ, ಆಮೇಲೆ ರಿಲೇ ಮತ್ತು ಕಂಟ್ರೋಲರ್. ಕೆಲವು ಕಿಟ್‌ಗಳಲ್ಲಿ ಎರಡೂ ಗ್ರಿಪ್‌ಗಳು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಒಂದರ ತಂತಿ ತುಂಡಾದರೂ ಎರಡೂ ಆರುತ್ತವೆ ಎಂಬುದು ನೆನಪಿರಲಿ. ಒಂದೇ ತಣ್ಣಗಾದರೆ ಆ ಕಡೆಯ ವೈರೇ ಕಾರಣ, ಹೆಚ್ಚಾಗಿ ಬಲಗಡೆಯದು, ಏಕೆಂದರೆ ಆಕ್ಸಿಲರೇಟರ್ ತಿರುಗಿದಷ್ಟು ಸಲ ಆ ವೈರು ಗ್ರಿಪ್‌ನ ಬುಡದಲ್ಲಿ ಬಾಗಿ ಬಾಗಿ ಒಳಗೇ ಮುರಿಯುತ್ತದೆ. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರಿನಿಂದ ಗ್ರಿಪ್‌ನ ರೆಸಿಸ್ಟೆನ್ಸ್ (ವಿದ್ಯುತ್ ತಡೆ) ಅಳೆದು ನೋಡಿ: 12 ವೋಲ್ಟಿಗೆ 20 ವ್ಯಾಟ್‌ನ ಗ್ರಿಪ್ ಸುಮಾರು 7 ಓಮ್ ತೋರಿಸಬೇಕು. ಮೀಟರ್ ಏನನ್ನೂ ತೋರಿಸದಿದ್ದರೆ ತಂತಿ ತುಂಡಾಗಿದೆ. ಅಳೆಯುತ್ತಲೇ ಆಕ್ಸಿಲರೇಟರ್ ತಿರುವಿದಾಗ ಅಂಕಿ ಬಂದು ಹೋಗಿ ಮಾಡಿದರೆ ಮುರಿದದ್ದು ಬುಡದ ಬಾಗಿನಲ್ಲೇ. ಮಳೆಗಾಲ ಕಳೆದ ಮೇಲೆ ಒಮ್ಮೆ ಕನೆಕ್ಟರ್‌ಗಳನ್ನೆಲ್ಲ ಬಿಚ್ಚಿ ಒರೆಸಿ, ನೀರು ಹೊಗದಂತೆ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ ಮುಚ್ಚಿದರೆ ತುಕ್ಕಿನ ಕಾಟ ತಪ್ಪುತ್ತದೆ. ದೂರ ಹೊರಡುವಾಗ ಸೀಟಿನಡಿ ಎರಡು ಹೆಚ್ಚುವರಿ ಫ್ಯೂಸ್, ಜಾಕೆಟ್ ಒಳಜೇಬಿನಲ್ಲಿ ಒಂದು ಜೊತೆ ಒಣ ಕೈಗವಸು ಇಟ್ಟುಕೊಳ್ಳಿ.